ಮೂರು ಊರಿನಿಂದ ಅಳೆದ ದೂರ

ಚನ್ನಬಸಯ್ಯನಿಗೆ ಐವತ್ತೊಂದು ವರ್ಷ. ಬಸವನ ಬಾಗೇವಾಡಿಯಲ್ಲಿ ಪರವಾನಗಿ ಪಡೆದ ಭೂಮಾಪಕ. ಅಣ್ಣತಮ್ಮಂದಿರು ಬೇರೆಯಾಗುವಾಗ, ಬದುವಿನ ಮೇಲೆ ಜಗಳ ಬಿದ್ದಾಗ, ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ ಎಂದು ಕಲ್ಲು ನೆಟ್ಟು ತೋರಿಸುವುದು ಅವನ ಕೆಲಸ. ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಅವನು ಅಳೆಯದ ಊರು ಕಡಿಮೆ. ಅಳತೆ ತಪ್ಪಿತು ಎಂದು ಬೆನ್ನ ಹಿಂದೆ ಸಹ ಯಾರೂ ಅಂದಿಲ್ಲ.

ಹತ್ತೊಂಬತ್ತು ವರ್ಷ ಅವನು ಮುದ್ದೇಬಿಹಾಳದ ಬಾಡಿಗೆ ಮನೆಯೊಂದರಲ್ಲಿ ವಾಸುದೇವನ ಜೊತೆ ಇದ್ದ. ವಾಸುದೇವ ಹೈಸ್ಕೂಲಿನ ಹಿಂದಿ ಮಾಸ್ತರ, ಅವನಿಗಿಂತ ಎರಡು ವರ್ಷ ದೊಡ್ಡವ. ಸಿಟ್ಟು ಬಂದರೆ ಮರಾಠಿ, ಇಲ್ಲದಿದ್ದರೆ ಕನ್ನಡ. ಓಣಿಯವರ ಕಣ್ಣಿಗೆ ಅವರು ಮದುವೆಯಾಗದೆ ಉಳಿದ, ಮನೆ ಹಂಚಿಕೊಂಡ ಇಬ್ಬರು. ಒಳಗೆ ಒಂದೇ ಹಾಸಿಗೆ, ಒಂದೇ ಗ್ಯಾಸಿನ ಪುಸ್ತಕ, ಬೇಳೆ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ಹತ್ತೊಂಬತ್ತು ವರ್ಷದ ಒಂದೇ ಜಗಳ.

ಹೋದ ಜೂನ್‌ನಲ್ಲಿ ವಾಸುದೇವ ಇಂಡಿಗೆ ವರ್ಗ ಮಾಡಿಸಿಕೊಂಡ. ಆದೇಶ ಕೈಗೆ ಬಂದ ಮೇಲೆ ಹೇಳಿದ. ದಣಿದಿದ್ದೇನೆ ಅಂದ, ಇನ್ನು ಸಾಕು ಅಂದ. ಯಾವುದರಿಂದ ದಣಿವು ಎಂದು ಚನ್ನಬಸಯ್ಯ ಮೂರು ದಿನ ಕೇಳಿದ. ನಾಲ್ಕನೆಯ ದಿನ ಟೆಂಪೊ ಬಂತು. ತಿಂಗಳೊಪ್ಪತ್ತಿನಲ್ಲಿ ಚನ್ನಬಸಯ್ಯನೂ ಆ ಮನೆ ಬಿಟ್ಟು ಬಾಗೇವಾಡಿಗೆ ಬಂದು ಎರಡು ಕೋಣೆ ಹಿಡಿದ.

ಗಂಡಸರು ಗಂಡಸರನ್ನು ಹುಡುಕುವ ಆ್ಯಪ್ ಇರುವುದು ಅವನಿಗೆ ಗೊತ್ತಿತ್ತು, ಬೇಕಾಗಿರಲಿಲ್ಲ. ಗಣಪತಿ ಹಬ್ಬದ ಮರುದಿನ ಅದನ್ನು ಫೋನಿಗೆ ಹಾಕಿಕೊಂಡ. ತನ್ನ ಮುಖದ ಬದಲು ಹೊಲದ ಗಡಿಕಲ್ಲಿನ ಫೋಟೋ ಇಟ್ಟ. ಹೆಸರು, ಮುಖ ಅಲ್ಲಿ ಯಾರದೂ ಇರಲಿಲ್ಲ. ಒಬ್ಬನದು ಎತ್ತಿನ ಕೋಡು, ಇನ್ನೊಬ್ಬನದು ಬೈಕಿನ ಕನ್ನಡಿ. ಪ್ರತಿಯೊಂದರ ಕೆಳಗೆ ಆ ಮನುಷ್ಯ ಎಷ್ಟು ಕಿಲೋಮೀಟರ್ ದೂರದಲ್ಲಿದ್ದಾನೆ ಎಂಬ ಅಂಕಿ. ದೊಡ್ಡ ಶಹರದಲ್ಲಿ ಆ ಅಂಕಿಗೆ ಅರ್ಥವಿಲ್ಲ. ಇಲ್ಲಿ ನಾಲ್ಕು ತಾಲ್ಲೂಕಿಗೆ ಸೇರಿ ಮೂವತ್ತು ಜನ.

ಎರಡನೆಯ ವಾರ ವಾಸುದೇವ ಸಿಕ್ಕ. ವಯಸ್ಸು ನಲವತ್ನಾಲ್ಕು ಎಂದು ಬರೆದಿತ್ತು. ಒಂಬತ್ತು ವರ್ಷ ನುಂಗಿಬಿಟ್ಟಿದ್ದ. ಕೆಳಗೆ ‘ಸ್ವಚ್ಛತೆ ಮುಖ್ಯ’ ಎಂಬ ಎರಡು ಶಬ್ದ. ಚಹಾದ ಬಸಿ ತೊಳೆಯದೆ ಇಟ್ಟಾಗಲೆಲ್ಲ ಮನೆಯಲ್ಲಿ ಕೇಳಿಬರುತ್ತಿದ್ದ ಅದೇ ಎರಡು ಶಬ್ದ. ಫೋಟೋದಲ್ಲಿ ಬಿಳಿ ಅಂಗಿಯ ಬೆನ್ನು, ಸುತ್ತ ಎದೆಮಟ್ಟದ ಕಬ್ಬು.

ಆ ಫೋಟೋವನ್ನು ಚನ್ನಬಸಯ್ಯ ಹೊಲದ ನಕ್ಷೆ ಓದಿದಂತೆ ಓದಿದ. ನೆರಳು ಕಾಲ ಬುಡದಲ್ಲಿತ್ತು, ಅಂದರೆ ಹೊತ್ತು ನಡುಮಧ್ಯಾಹ್ನ. ಚಿತ್ರ ಕೆಳಗಿನಿಂದ ಮೇಲಕ್ಕೆ ತೆಗೆದದ್ದು. ತೆಗೆದವ ನೆಲದ ಮೇಲೆ ಕುಳಿತಿದ್ದ, ಊಟ ಮುಗಿಸಿ ಆರಾಮಾಗಿ ಕುಳಿತವನ ಹಾಗೆ. ವಾಸುದೇವನ ಭುಜ ನಗುವಾಗ ಮೇಲೇರುತ್ತದೆ, ಇಲ್ಲಿ ಏರಿತ್ತು. ಹತ್ತೊಂಬತ್ತು ವರ್ಷ ವಾಸುದೇವನ ಎಲ್ಲ ಫೋಟೋ ತೆಗೆದವನು ತಾನು. ಕ್ಯಾಮೆರಾ ಕಂಡರೆ ಹೊಟ್ಟೆ ಒಳಗೆಳೆದು ಕಟ್ಟಿಗೆಯಂತೆ ನಿಲ್ಲುತ್ತಿದ್ದ ಮನುಷ್ಯ ಈಗ ಯಾರೋ ನೆಲಕ್ಕೆ ಕುಳಿತು ಏನೋ ಅಂದದ್ದಕ್ಕೆ ಬೆನ್ನು ತಿರುಗಿಸಿ ನಗುತ್ತಿದ್ದ. ವಾಸುದೇವ ಮರಳಿ ಬರಲಿ ಎಂದು ಚನ್ನಬಸಯ್ಯನಿಗೆ ಅನಿಸಲಿಲ್ಲ. ನೆಲಕ್ಕೆ ಕುಳಿತವನು ಯಾರು ಎಂಬುದಷ್ಟೇ ಬೇಕಿತ್ತು. ಆ ಪ್ರಶ್ನೆ ಊಟದಲ್ಲಿ ಹರಳು ಸಿಕ್ಕಂತೆ ದಿನಕ್ಕೆ ಎರಡು ಹೊತ್ತು ಸಿಗುತ್ತಿತ್ತು.

ವಾರದ ದಿನಗಳಲ್ಲಿ ವಾಸುದೇವ ಇಂಡಿಯಷ್ಟು ದೂರ ಇರುತ್ತಿದ್ದ. ಭಾನುವಾರ ಅಂಕಿ ಬದಲಾಗುತ್ತಿತ್ತು. ಬಾಗೇವಾಡಿಯಿಂದ ಅರವತ್ತೆರಡು. ನಾಲ್ಕು ಭಾನುವಾರವೂ ಅರವತ್ತೆರಡು. ಒಂದು ದೂರದಿಂದ ಒಂದು ವೃತ್ತ ಮಾತ್ರ ಸಿಗುತ್ತದೆ; ಆ ವೃತ್ತದ ಮೇಲೆ ಮನುಷ್ಯ ಎಲ್ಲಿಯೂ ಇರಬಹುದು. ಮೂರು ಜಾಗದಿಂದ ಅಳೆದರೆ ಒಂದೇ ಬಿಂದು. ಅವನ ಕಸುಬಿನ ಮೊದಲ ಪಾಠವದು. ಬೇರೆ ಯಾರಾದರೂ ಇಂಥ ಹೊತ್ತಿನಲ್ಲಿ ಕುಡಿಯುತ್ತಿದ್ದರು, ಇಲ್ಲವೇ ಫೋನು ಮಾಡಿ ಅಳುತ್ತಿದ್ದರು. ಚನ್ನಬಸಯ್ಯ ಕಂಪಾಸು ಮತ್ತು ಜಿಲ್ಲೆಯ ನಕ್ಷೆ ತೆಗೆದ.

ಎರಡನೆಯ ಅಳತೆಗೆ ಸಿಂದಗಿ ಅನುಕೂಲವಾಗಿತ್ತು. ಅಲ್ಲಿ ಸಿಕಂದರ ಇದ್ದ. ನಲವತ್ತಾರರ ಸಿಕಂದರ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟವನು. ಹೆಂಡತಿ ತೀರಿ ಆರು ವರ್ಷ. ಆ್ಯಪಿನಲ್ಲಿ ಒಂದು ತಿಂಗಳಿನಿಂದ ಮಾತಾಡುತ್ತಿದ್ದ. ಭೇಟಿಯಾಗೋಣ ಎಂದು ಮೂರು ಸಲ ಕೇಳಿದ್ದ. ಈ ಸಲ ಚನ್ನಬಸಯ್ಯ ಹೂಂ ಅಂದ. ಭಾನುವಾರ ಆದರೆ ಬರ್ತೇನಿ ಅಂದ.

ಅರ್ಧ ಶಟರ್ ಎಳೆದ ಅಂಗಡಿಯಲ್ಲಿ ಸಿಕಂದರ ಒಗ್ಗರಣೆ ಹಾಕಿದ ಚುರುಮುರಿ, ಚಹಾ ಇಟ್ಟ. ತನ್ನ ಮೊದಲ ಭೇಟಿಯ ಕಥೆ ಹೇಳಿದ. ಕಲಬುರ್ಗಿಯಿಂದ ಬಂದಿದ್ದವನು ಎರಡು ತಾಸು ಕುಳಿತು, ಹೋಗುವಾಗ ತನ್ನ ಊರಿನ ಮೋಟಾರು ಕಡಿಮೆ ದರಕ್ಕೆ ಮಾಡಿಕೊಡುತ್ತೀರೇನು ಎಂದು ಕೇಳಿದನಂತೆ. ಚನ್ನಬಸಯ್ಯ ನಕ್ಕ. ಜೂನ್‌ನಿಂದ ನಕ್ಕಿರಲಿಲ್ಲ ಎಂಬುದು ನಕ್ಕ ಮೇಲೆ ಗೊತ್ತಾಯಿತು. ಸಿಕಂದರನ ಬೆರಳುಗಳ ತುದಿಯಲ್ಲಿ ವಾರ್ನಿಷಿನ ಕಂದು ಬಣ್ಣ ಇತ್ತು, ಮಾತಾಡುವಾಗ ಎದುರಿನವನ ಮುಖ ಬಿಟ್ಟು ಕಣ್ಣು ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಇದನ್ನೆಲ್ಲ ಗಮನಿಸುತ್ತಲೇ ಚನ್ನಬಸಯ್ಯ ಮೇಜಿನ ಕೆಳಗೆ ಫೋನು ತೆರೆದ. ಹದಿನೆಂಟು. ಕಿಸೆಯ ಡೈರಿಯಲ್ಲಿ ಬರೆದುಕೊಂಡ.

“ಸರ, ಎದುರಿಗೆ ಕುಂತಾಂವನ್ನ ಬಿಟ್ಟು ಫೋನಿನ್ಯಾಗ ಯಾರನ್ನ ಹುಡುಕಾಕತ್ತೀರಿ?” ಅಂದ ಸಿಕಂದರ. “ನಾ ಕಳಿಸಿದ ಫೋಟೋದಾಗಿನಕಿಂತ ಅಷ್ಟು ಕೆಟ್ಟ ಕಾಣ್ತೇನೇನು?”

ಆಫೀಸಿನ ಮೆಸೇಜು ಎಂದು ಚನ್ನಬಸಯ್ಯ ಹೇಳಿದ. ಭಾನುವಾರ ಯಾವ ಆಫೀಸು ಎಂದು ಸಿಕಂದರ ಕೇಳಲಿಲ್ಲ. ಮುಂದಿನ ವಾರ ಮನೆಗೆ ಊಟಕ್ಕೆ ಕರೆದ. ನೀವು ಅಯ್ಯನವರು, ಮಾಂಸದ ಬೋಗುಣಿ ಮೇಲಟ್ಟಕ್ಕೆ ಇಟ್ಟು ಹೊಸ ಬೋಗುಣಿಯಲ್ಲಿ ಬದನೆಕಾಯಿ ಮಾಡುತ್ತೇನೆ ಅಂದ. ಚನ್ನಬಸಯ್ಯ ಇಂಡಿಯಲ್ಲಿ ಅಳತೆ ಕೆಲಸ ಇದೆ ಅಂದ. ಅದು ಪೂರ್ತಿ ಸುಳ್ಳಾಗಿರಲಿಲ್ಲ. ಮುಂದಿನ ಭಾನುವಾರ ಇಂಡಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕುಳಿತು ಮೂರನೆಯ ಅಂಕಿ ನೋಡಿದ. ಮೂವತ್ತು. ಅದೇ ಹೊತ್ತಿಗೆ ಸಿಂದಗಿಯಿಂದ ಒಂದು ಫೋಟೋ ಬಂತು. ಹೊಸ ಬೋಗುಣಿ, ಅದರ ಮೇಲೆ ಇನ್ನೂ ಕೀಳದ ಅಂಗಡಿಯ ಚೀಟಿ.

ನಕ್ಷೆಯ ಮೇಲೆ ಮೂರು ವೃತ್ತಗಳು ಆಲಮೇಲದ ಹೊರಗೆ, ಭೀಮಾ ನದಿಯ ಕಡೆಯ ಕಬ್ಬಿನ ನೆಲದಲ್ಲಿ ಕೂಡಿದವು. ಆ ಸೀಮೆಯ ಹೊಲಗಳನ್ನು ಅವನೇ ಅಳೆದಿದ್ದ. ಯಾರ ಯಾರ ಹೊಲ ಎಂದು ನೆನಪಿಸಿಕೊಳ್ಳುತ್ತ ಹೋದ. ಶ್ರೀಶೈಲನ ಹೆಸರು ಬಂದಾಗ ನಿಂತ. ಹೋದ ವರ್ಷ ಅಣ್ಣತಮ್ಮಂದಿರ ಪಾಲಿಗೆ ಅಳೆಯಲು ಕರೆಸಿದ್ದವನು. ಆ ದಿನ ಶಾಲೆಗೆ ರಜೆ ಇತ್ತು. ಮನೆಯಲ್ಲಿ ಬೇಸರ ಎಂದು ವಾಸುದೇವ ಜೊತೆಗೆ ಬಂದಿದ್ದ. ಬಿಸಿಲಿಗೆ ಅವನನ್ನು ಬೇವಿನ ಮರದ ಕೆಳಗೆ ಕೂಡಿಸಿ, ಶ್ರೀಶೈಲನಿಗೆ ‘ಇವರ ಜೊತೆ ಮಾತಾಡ್ತಿರ್ರಿ’ ಎಂದು ಹೇಳಿ ಚನ್ನಬಸಯ್ಯ ಸರಪಳಿ ಹಿಡಿದು ಹೋಗಿದ್ದ.

ಎಳ್ಳ ಅಮಾವಾಸ್ಯೆಯ ದಿನ ಹೋಗುವುದೆಂದು ಗೊತ್ತು ಮಾಡಿದ. ಈ ಸೀಮೆಯಲ್ಲಿ ಅವತ್ತು ಊರಲ್ಲಿ ಯಾರೂ ಇರುವುದಿಲ್ಲ. ಮನೆ ಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಅಡುಗೆಯ ಎಡೆಯನ್ನು ಚರಗವೆಂದು ಬೆಳೆಗೆ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತಾರೆ, ಬೇಕಾದವರನ್ನು ಕರೆಯುತ್ತಾರೆ. ಗೊಳಸಂಗಿಯ ಅಣ್ಣನ ಹೊಲಕ್ಕೆ ಚನ್ನಬಸಯ್ಯ ಒಂದು ವರ್ಷವೂ ತಪ್ಪಿಸಿದವನಲ್ಲ. ಈ ಸಲ ಬರುವುದಿಲ್ಲ ಎಂದು ಅತ್ತಿಗೆ ಸುವರ್ಣಾಗೆ ಹೇಳಿದ. ಸಿಕಂದರ ಬಿಡುವೇನು ಎಂದು ಕೇಳಿದಾಗ ಮತ್ತೆ ಇಂಡಿಯ ಅಳತೆ ಎಂದು ಬರೆದ.

ಬಿಂದು ತಪ್ಪಿರಲಿಲ್ಲ. ಬೈಕು ರಸ್ತೆಯಲ್ಲಿ ನಿಲ್ಲಿಸಿ ಬದುವಿನ ಮೇಲೆ ನಡೆದು ಬಂದಾಗ ಬೇವಿನ ಕೆಳಗೆ ಕಂಬಳಿ ಹಾಸಿತ್ತು. ಹತ್ತು ಹನ್ನೆರಡು ಜನ. ಶ್ರೀಶೈಲನ ತಾಯಿ ಶೇವಂತೆವ್ವ ಬಡಿಸುತ್ತಿದ್ದಳು. ನಡುವೆ ವಾಸುದೇವ. ಚಕ್ಕಳಮಕ್ಕಳ ಹಾಕಿ ಕುಳಿತು ಸಜ್ಜೆ ರೊಟ್ಟಿ ಮುರಿಯುತ್ತಿದ್ದ, ಅವನ ತಾಟಿನಲ್ಲಿದ್ದ ಮೆಣಸಿನಕಾಯಿಯನ್ನು ಶ್ರೀಶೈಲ ಕೇಳದೆಯೇ ಎತ್ತಿಕೊಂಡು ತಿಂದ. ಅಷ್ಟೇ. ಅದಕ್ಕಿಂತ ಹೆಚ್ಚಿನದೇನನ್ನೋ ನೋಡಲು ಚನ್ನಬಸಯ್ಯ ತಯಾರಾಗಿ ಬಂದಿದ್ದ, ಮೆಣಸಿನಕಾಯಿಗೆ ತಯಾರಾಗಿರಲಿಲ್ಲ.

ಬದುವಿನ ಮೇಲೆ ನಿಂತವನನ್ನು ಅವತ್ತು ಉಣ್ಣಿಸದೆ ಕಳಿಸುವುದಿಲ್ಲ. ಶೇವಂತೆವ್ವ ಕೈ ಮಾಡಿ ಕರೆದಳು. ಹೊಲ ಅಳೆದ ಸಾಹೇಬರಲ್ಲವೇ ಎಂದು ಗುರುತು ಹಿಡಿದು, ಮಾಸ್ತರರ ಪಕ್ಕದಲ್ಲೇ ತಾಟು ಇಟ್ಟಳು. “ನಮ್ಮ ಮಾಸ್ತರ ನಿಮಗೂ ಗುರತೇನ್ರಿ? ನಿಮಗೇನಾಗಬೇಕು ಇವರು?”

ವಾಸುದೇವನ ಕೈ ರೊಟ್ಟಿಯ ಮೇಲೆ ನಿಂತಿತು. ಶ್ರೀಶೈಲ ನೀರಿನ ತಂಬಿಗೆ ನೋಡುತ್ತ ಕುಳಿತ. ಒಂದು ವಾಕ್ಯ ಸಾಕಿತ್ತು. ಆ ವಾಕ್ಯವನ್ನು ಚನ್ನಬಸಯ್ಯ ಬೈಕಿನ ಮೇಲೆ ಅರವತ್ತೆರಡು ಕಿಲೋಮೀಟರಿಗೂ ಹೆಚ್ಚು ದಾರಿ ತಿದ್ದಿ ತಿದ್ದಿ ತಂದಿದ್ದ.

“ಮುದ್ದೇಬಿಹಾಳದಾಗ ಒಂದ ಮನ್ಯಾಗ ಇದ್ವಿ,” ಅಂದ. “ಹಳೇ ಗುರತು.”

“ಹಂಗಾರ ನೀವೂ ಮನ್ಯಾವ್ರ ಆದ್ರಿ. ಊಟ ಮಾಡ್ರಿ,” ಅಂದಳು ಮುದುಕಿ. ಎಣ್ಣೆಗಾಯಿ ಬಡಿಸಿದಳು, ಭಜ್ಜಿ ಬಡಿಸಿದಳು. ಉಳಿದವರು ಚರಗ ಚೆಲ್ಲಿದ ಕಬ್ಬಿನ ಕಡೆ ನೋಡುತ್ತ ಮಾತು ಮುಂದುವರಿಸಿದರು. ಆಗ ವಾಸುದೇವ ತಲೆ ಎತ್ತದೆ, ಪಕ್ಕದವನಿಗಷ್ಟೇ ಕೇಳುವಂತೆ ಮಾತಾಡಿದ.

“ಪ್ರತಿ ವರ್ಷ ಎಳ್ಳಮಾಸಿಗೆ ಗೊಳಸಂಗಿಯಿಂದ ನನಗ ಡಬ್ಬಿ ತರತಿದ್ದಿ. ಹತ್ತೊಂಬತ್ತು ಡಬ್ಬಿ. ಒಂದು ಸಲಾನೂ ಬಾ ಅನ್ನಲಿಲ್ಲ.”

“ಮಂದಿ ಏನಂತಿದ್ರು?”

“ಇಲ್ಲಿ ಮಂದಿ ಏನನ್ನಾಕತ್ತಾರ? ಇನ್ನೊಂದು ರೊಟ್ಟಿ ತಗೋರಿ ಅನ್ನಾಕತ್ತಾರ.”

ಚನ್ನಬಸಯ್ಯನಿಗೆ ಶ್ರೀಶೈಲನ ಮೇಲೆ ಹೊಟ್ಟೆಕಿಚ್ಚು ಇತ್ತು. ಆ ಹೊತ್ತಿನಲ್ಲಿ ಅದು ಆ ಮನುಷ್ಯನನ್ನು ಬಿಟ್ಟು ಕಂಬಳಿಗೆ, ಮುದುಕಿಗೆ, ‘ನಮ್ಮ ಮಾಸ್ತರ’ ಎಂಬ ಮಾತಿಗೆ ಹರಡಿತು. ಆರಲಿಲ್ಲ. ಹೆಚ್ಚಾಯಿತು. ತಾನು ಕೊಡಬಹುದಾಗಿದ್ದನ್ನು ಇನ್ನೊಬ್ಬ ಕೊಟ್ಟುಬಿಟ್ಟಿದ್ದ, ಅದಕ್ಕೆ ಅವನಿಗೆ ಯಾವ ಖರ್ಚೂ ಬಂದಿರಲಿಲ್ಲ.

ಕಿಸೆಯಲ್ಲಿ ಫೋನು ಸದ್ದು ಮಾಡಿತು. ಸಿಕಂದರ ಬರೆದಿದ್ದ: ‘ನಾನೂ ಆ್ಯಪ್ ನೋಡ್ತೇನಿ ಸರ. ಸಿಂದಗಿಯಿಂದ ಹದಿನೆಂಟು ತೋರಿಸ್ತೈತಿ. ಇಂಡಿ ಯಾವಾಗ ಇಷ್ಟು ಹತ್ರ ಬಂತು? ಅಮಾಸಿ ದಿನ ಯಾರ ಹೊಲ ಅಳಸ್ತಾರ?’

ಚನ್ನಬಸಯ್ಯ ಶೇವಂತೆವ್ವಗೆ ಕೈ ಮುಗಿದು, ವಾಸುದೇವನಿಗೆ ಬರ್ತೇನಿ ಎಂದಷ್ಟೇ ಹೇಳಿ ಎದ್ದ. ಅರ್ಧ ತಾಸಿನಲ್ಲಿ ಸಿಂದಗಿಯ ಅಂಗಡಿಯ ಮುಂದೆ ಇದ್ದ. ಶಟರ್ ಪೂರ್ತಿ ತೆರೆದಿತ್ತು. ಸಿಕಂದರ ತಂತಿ ಸುತ್ತುತ್ತಿದ್ದ, ತಲೆ ಎತ್ತಲಿಲ್ಲ.

ಚನ್ನಬಸಯ್ಯ ನಿಂತೇ ಎಲ್ಲ ಹೇಳಿದ. ಮೂರು ವೃತ್ತ, ಮೂರು ಅಂಕಿ, ಮೊದಲ ಭೇಟಿಯ ದಿನ ಮೇಜಿನ ಕೆಳಗೆ ನೋಡಿದ್ದು, ಬೋಗುಣಿಯ ಫೋಟೋ ಬಂದಾಗ ಎಲ್ಲಿ ಕುಳಿತಿದ್ದ ಎಂಬುದು. ಕಸುಬಿನವನ ಹಾಗೆ ಒಂದನ್ನೂ ಬಿಡದೆ ಹೇಳಿದ.

“ಅಂದ್ರ ನಾ ನಿಮಗ ಅಳತಿ ಕಲ್ಲು,” ಅಂದ ಸಿಕಂದರ.

“ಒಂದು ವಾರ ಹೌದು. ಆಮೇಲಲ್ಲ.”

“ಆಮೇಲೆ ಏನ್ರಿ?”

ಚನ್ನಬಸಯ್ಯ ಫೋನು ತೆಗೆದು ಅತ್ತಿಗೆಗೆ ಹಚ್ಚಿದ. ಹೊಲದ ಊಟ ಮುಗಿಯಿತೇ ಎಂದು ಕೇಳಿದ. ಮುಗಿದು ಮನೆಗೆ ಬಂದೆವು, ಎಲ್ಲರೂ ನಿಮ್ಮನ್ನೇ ಕೇಳಿದರು ಎಂದಳು ಸುವರ್ಣಾ. ಸಂಜೆಯೊಳಗೆ ಬರುತ್ತೇನೆ, ಜೊತೆಗೆ ಒಬ್ಬರಿದ್ದಾರೆ ಎಂದ.

“ಯಾರ್ರೀ?”

“ಸಿಕಂದರ ಅಂತ. ಸಿಂದಗಿಯವ್ರು. ನನ್ನ ಜೋಡಿ ಬರ್ತಾರ.”

ಆ ಕಡೆ ಪಾತ್ರೆಯ ಸದ್ದು ಕೇಳಿಸಿತು. ಅಣ್ಣನ ಧ್ವನಿ ಏನೋ ಕೇಳಿತು, ಸುವರ್ಣಾ ಏನೋ ಹೇಳಿದಳು. ಆಮೇಲೆ, ಇಬ್ಬರಿಗೂ ತೆಗೆದಿಡುತ್ತೇನೆ, ತಡ ಮಾಡಬೇಡಿ ಅಂದಳು.

“ಬರ್ತೇನಿ ಅಂತ ನಾ ಎಲ್ಲಿ ಅಂದೆ?” ಸಿಕಂದರ ಕೇಳಿದ. ಕೈ ನಿಂತಿರಲಿಲ್ಲ. ಸುರುಳಿಗೆ ಎಷ್ಟು ಸುತ್ತು ಬೇಕೋ ಅಷ್ಟೇ ಬೀಳಬೇಕು, ಒಂದು ಹೆಚ್ಚು ಕಡಿಮೆಯಾದರೂ ಮೋಟಾರು ಸುಡುತ್ತದೆ. ಅವನು ತುಟಿಯೊಳಗೆ ಎಣಿಸತೊಡಗಿದ. ಚನ್ನಬಸಯ್ಯ ಸ್ಟೂಲಿನ ಮೇಲೆ ಕುಳಿತ. ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದ ಸಿಕಂದರನ ಫೋನು ಎರಡು ಸಲ ನಡುಗಿತು. ಮತ್ತೊಮ್ಮೆ ನಡುಗಿತು.

“ಯಾರದು?” ಅಂದುಬಿಟ್ಟ ಚನ್ನಬಸಯ್ಯ.

ಸಿಕಂದರನ ತುಟಿ ನಿಂತಿತು. ಫೋನು ಎತ್ತಿ ನೋಡಿ ಅವನ ಕಡೆ ತಿರುಗಿಸಿ ತೋರಿಸಿದ. ಅಫಜಲಪುರದ ರೈತನೊಬ್ಬ ತನ್ನ ಮೋಟಾರು ಆಯಿತೇ ಎಂದು ಕೇಳಿದ್ದ. ಆಮೇಲೆ ಸುತ್ತಿದ್ದ ತಂತಿಯನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದ.

“ಎಣಿಕಿ ತಪ್ಪಿಸಿದ್ರಿ,” ಅಂದ. “ಮೊದಲಿಂದ ಸುತ್ತಬೇಕು. ನಾವು ತಡಾ ಆಗಿ ಬರ್ತೇವಿ ಅಂತ ನಿಮ್ಮ ಅತ್ತಿಗೆಗೆ ಹೇಳ್ರಿ.”