ಆರಿಸಿ ತೆಗೆದ ಕಡಲೆಕಾಯಿ ಬೀಜ

ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾದ ಹೊಸದರಲ್ಲಿ, ನಾನು ಹೆದ್ದಾರಿ ಪಕ್ಕದ ಹೋಟೆಲೊಂದಕ್ಕೆ ಸೂಪರ್‌ವೈಸರ್ ಆಗಿ ಸೇರಿದೆ. ಕುತ್ತಿಗೆಗೆ ಟೈ ಬಿದ್ದದ್ದೇ ತಡ, ನನಗೆ ತಿಳಿಯದ್ದು ಯಾವುದೂ ಇಲ್ಲ ಅನ್ನಿಸತೊಡಗಿತು.

ಒಮ್ಮೆ ತರಬೇತಿ ಕೊಡಲು ಬೆಂಗಳೂರಿನಿಂದ ಒಬ್ಬರು ಬಂದರು. ಕೆಲವರಿಗೆ ಕೆಲವು ಪದಾರ್ಥ ಒಗ್ಗುವುದಿಲ್ಲ, ಚೂರು ತಿಂದರೂ ಉಸಿರು ಕಟ್ಟಬಹುದು ಎಂದು ಇಂಗ್ಲಿಷಿನಲ್ಲಿ ಒಂದು ಗಂಟೆ ಹೇಳಿದರು. ಅಡುಗೆಯವರಿಗೆ ಅದನ್ನು ಕನ್ನಡದಲ್ಲಿ ತಿಳಿಸುವ ಕೆಲಸ ನನ್ನದು.

"ಮೈ ಕೆರೆತ ಬರುತ್ತಂತೆ ಕಣ್ರಪ್ಪಾ. ದುಡ್ಡಿರೋರ ಕಾಯಿಲೆ," ಎಂದೆ. ಎಲ್ಲರೂ ನಕ್ಕರು. ಕಲ್ಲು ತಿಂದು ಕರಗಿಸುವ ವಯಸ್ಸು ನಮ್ಮದು.

ಕೆಲವು ವಾರಗಳ ನಂತರ ಬೆಳಿಗ್ಗೆ ಒಬ್ಬ ತಾಯಿ, ಏಳೆಂಟು ವರ್ಷದ ಮಗಳ ಜೊತೆ ಬಂದರು. ಅವರಿಗೆ ವಿಮಾನಕ್ಕೆ ಹೊತ್ತಾಗುತ್ತಿತ್ತು. ಹುಡುಗಿ ಪಕ್ಕದ ಮೇಜಿನ ಚಿತ್ರಾನ್ನ ತೋರಿಸಿ, ಅದೇ ಬೇಕೆಂದಳು.

"ಇವ್ಳಿಗೆ ಕಡಲೆಕಾಯಿ ಬೀಜ ಆಗಲ್ಲ ಅಣ್ಣಾ. ಹಾಕಿಲ್ದೆ ಇದ್ರೆ ಮಾತ್ರ ಕೊಡಿ."

"ಇಲ್ದಂಗೆ ಕೊಡ್ತೀನಿ ಬಿಡಿ ಅಮ್ಮಾ."

ನಮ್ಮ ಮನೆಗಳಲ್ಲಿ ಬೇಡದ್ದನ್ನು ತಟ್ಟೆಯಂಚಿಗೆ ತಳ್ಳಿ ಉಳಿದದ್ದನ್ನು ಉಣ್ಣುತ್ತೇವೆ. ಕರಿಬೇವಿಗೂ ಅಷ್ಟೆ, ಮೆಣಸಿನಕಾಯಿಗೂ ಅಷ್ಟೆ. ನಾನು ಒಳಗೆ ಹೋಗಿ, ಆಗಲೇ ಕಲಸಿಟ್ಟಿದ್ದ ಚಿತ್ರಾನ್ನ ಹಾಕಿಕೊಂಡು, ಒಂದೊಂದೇ ಬೀಜ ಹೆಕ್ಕಿ ತೆಗೆದೆ. ಮುತುವರ್ಜಿಯಿಂದಲೇ ತೆಗೆದೆ.

"ಬೀಜ ಹುರಿದಿರೋ ಎಣ್ಣೇಲೇ ಒಗ್ಗರಣೆ ಕೊಟ್ಟಿರೋದು ಗುರು. ಪರ್ವಾಗಿಲ್ವಾ?" ಎಂದ ಅಡುಗೆಯವನು.

"ನೀನು ದೋಸೆ ನೋಡ್ಕೊ," ಎಂದು ಅವನ ಬಾಯಿ ಮುಚ್ಚಿಸಿದೆ.

ಆರಿಸಿದ್ದೇನೆ ಎಂದರೆ ಕೈಯಾಡಿಸಿದ ಅನ್ನವೆಂದು ಆಯಮ್ಮ ಮುಖ ಸಿಂಡರಿಸಿಯಾರು ಅನ್ನಿಸಿತು. "ಬೀಜ ಹಾಕೇ ಇಲ್ಲ ಅಮ್ಮಾ," ಎಂದು ತಟ್ಟೆ ಇಟ್ಟೆ.

ನಾಲ್ಕು ತುತ್ತು ತಿಂದಿರಬಹುದು. ಹುಡುಗಿ ಗಂಟಲು ಹಿಡಿದುಕೊಂಡಳು. ತುಟಿ ಊದಿತು, ಉಸಿರು ಗೊರಗೊರ ಎಂದಿತು. ಹೋಟೆಲಿನ ವ್ಯಾನಿನಲ್ಲೇ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿಯಲ್ಲಿ ಆ ಸದ್ದು ನಿಂತಿತು. ಡಾಕ್ಟರು ಹೊರಗೆ ಬಂದು ಇಲ್ಲವೆಂದು ತಲೆಯಾಡಿಸಿದರು.

ಮಾಲೀಕರು ಅಡುಗೆಯವನನ್ನು ಬೈದು ಕೆಲಸದಿಂದ ತೆಗೆದರು. ನಾನು ಸುಮ್ಮನಿದ್ದೆ. ಆ ಮಗುವನ್ನು ಕೊಂದದ್ದು ಅವನಲ್ಲ, ನಾನು. ಇವತ್ತಿಗೂ ಅದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಆವತ್ತು ಆಸ್ಪತ್ರೆಯ ಬೆಂಚಿನ ಮುಂದೆ ಕೈಮುಗಿದು ನಿಂತಿದ್ದಾಗ ಆ ತಾಯಿ ನನ್ನನ್ನು ಬೈಯಲೂ ಇಲ್ಲ.

"ಗೊತ್ತಿಲ್ಲ ಅಂದಿದ್ರೆ ಸಾಕಿತ್ತಲ್ಲಣ್ಣಾ," ಎಂದರು. "ಬ್ಯಾಗಲ್ಲಿ ಬಾಳೆಹಣ್ಣಿತ್ತು. ಅದನ್ನೇ ತಿನ್ನಿಸ್ತಿದ್ದೆ."