ದೀಪವಿದ್ದ ಬೀರು

ಮಳೆಗಾಲದಲ್ಲಿ ನಮ್ಮ ಮಾವ ಶ್ರೀಪಾದರಾಯರು ಬೆಳಗಿನ ಕಾಫಿಗೂ ಮುಂಚೆ ಮಾಡುತ್ತಿದ್ದ ಕೆಲಸವೆಂದರೆ ನಡುಮನೆಯ ಗೋಡೆಗೆ ಕೆನ್ನೆ ಒತ್ತಿ ನಿಲ್ಲುವುದು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಇದು ಯಾವುದೋ ವ್ರತವಿರಬೇಕು ಎಂದುಕೊಂಡಿದ್ದೆ. ಅವರು ಗೋಡೆಯ ತೇವ ನೋಡುತ್ತಿದ್ದರು, ತಮ್ಮ ಅಂಚೆಚೀಟಿಗಳಿಗಾಗಿ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ಮಾವ ಕಟ್ಟಿಸಿದ ಮನೆಯ ಗಾರೆ ಪೂರ್ತಿ ಆರಿರಲಿಲ್ಲ. ಅತ್ತೆ ಎಂದೋ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ನಾನು ಮೂರೇ ಜನ. ಗುಮಾಸ್ತರಾಗಿದ್ದ ಕಾಲದಿಂದ ಮಾವ ಕೂಡಿಟ್ಟ ಚೀಟಿಗಳಲ್ಲಿ ಬಹಳಷ್ಟು ಯಾವ ಲಕೋಟೆಗೂ ಅಂಟದವು, ಬೆನ್ನಿನ ಗೋಂದು ಹಾಗೇ ಇದ್ದವು; ಆ ಗೋಂದು ಉಳಿದಿದ್ದರೇ ಅವಕ್ಕೆ ಬೆಲೆ. ತೇವ ತಗುಲಿದರೆ ಪುಟಕ್ಕೆ ಕಚ್ಚಿಕೊಂಡುಬಿಡುತ್ತವೆ. ಅದಕ್ಕೇ ಒಂದು ಮರದ ಬೀರುವಿನ ತಳದಲ್ಲಿ ಸಣ್ಣ ಬಲ್ಬು ಹಾಕಿಸಿದ್ದರು. ಮಳೆಗಾಲವಿಡೀ ಅದು ಉರಿಯುತ್ತಲೇ ಇರುತ್ತಿತ್ತು. ಆ ಬೀರುವಿನೊಳಗೆ ಮಾತ್ರ ಬೇಸಿಗೆ.

ಮೊದಲ ಸಲ ಆಲ್ಬಮ್ ತೋರಿಸಿದಾಗ ನಾನು ಬಗ್ಗಿ, ಹಂಸದ ಚಿತ್ರವಿದ್ದ ಚೀಟಿ ಯಾವ ದೇಶದ್ದೆಂದು ಕೇಳಿದೆ.

"ಸ್ವಲ್ಪ ದೂರ ನಿಂತ್ಕೊಂಡು ಮಾತಾಡಮ್ಮ. ಉಸಿರಲ್ಲೂ ನೀರಿರುತ್ತೆ," ಎಂದರು. ಗದರಿಕೆಯಲ್ಲ. ತಾವೂ ಮುಖವನ್ನು ಕಿಟಕಿಯ ಕಡೆ ತಿರುಗಿಸಿಯೇ ಉತ್ತರ ಹೇಳಿದರು.

ಹೆರಿಗೆಗೆ ತವರಿಗೆ ಹೋಗಿದ್ದ ನಾನು ಮಗಳನ್ನೆತ್ತಿಕೊಂಡು ವಾಪಸಾದದ್ದು ಜಡಿಮಳೆಯಲ್ಲಿ. ಬಿಡಲು ಬಂದ ಅಮ್ಮ ಕೆಲವು ದಿನ ಉಳಿದಳು. ಎಲ್ಲಿ ಹರವಿದರೂ ಬಟ್ಟೆ ಆರುತ್ತಿರಲಿಲ್ಲ. ಮಗುವಿಗೆ ನೆಗಡಿ ಹಿಡಿದು ಎದೆ ಗೊರಗೊರ ಅನ್ನತೊಡಗಿತು. ಒಂದು ಮಧ್ಯಾಹ್ನ ಅಮ್ಮ ಲಂಗೋಟಿ ಹಿಂಡುತ್ತ, "ಈ ಮನೇಲಿ ಪೇಪರ್ ಚೂರಿಗೆ ದೀಪ, ಕೂಸಿಗೆ ಒದ್ದೆ ಬಟ್ಟೆ," ಎಂದಳು. ನಾನು ನಕ್ಕೆ. ತಿರುಗಿ ನೋಡಿದರೆ ಮಾವ ಖಾಲಿ ಲೋಟ ಹಿಡಿದು ಬಾಗಿಲಲ್ಲಿದ್ದರು. ಲೋಟ ಕೆಳಗಿಟ್ಟು ಹೊರಟುಹೋದರು.

ಮರುದಿನ ಬೀರು ಖಾಲಿಯಾಗಿತ್ತು. ಬಟ್ಟೆ ತಾಗದಿರಲೆಂದು ಬಲ್ಬಿನ ಸುತ್ತ ತಂತಿಯ ಬಲೆಯನ್ನೂ ಕಟ್ಟಿದ್ದರು. ಮಗುವಿನ ಬಟ್ಟೆ ಇನ್ನು ಇಲ್ಲೇ ಹರವು ಎಂದರು. ಆಲ್ಬಮ್‌ಗಳು ಎಲ್ಲಿ ಎಂದು ಕೇಳಿದೆ.

"ಅವಕ್ಕೆ ಬೇರೆ ಜಾಗ ಮಾಡಿದೀನಿ. ನೀನು ಯೋಚ್ನೆ ಮಾಡ್ಬೇಡ."

ನಾನು ಯೋಚನೆ ಮಾಡಲೂ ಇಲ್ಲ. ಬೆಚ್ಚಗಿನ ಬಟ್ಟೆ ಸಿಕ್ಕಿತು, ಮಗುವಿನ ಎದೆ ತಿಳಿಯಾಯಿತು, ಅಮ್ಮ ಸಮಾಧಾನದಿಂದ ಊರಿಗೆ ಹೋದಳು. ಮಳೆ ನಿಲ್ಲುವವರೆಗೂ ಆ ಬೀರು ನಮ್ಮದಾಗಿತ್ತು. ಆ ಬೇರೆ ಜಾಗ ಯಾವುದೆಂದು ಒಂದು ದಿನವೂ ನಾನು ವಿಚಾರಿಸಲಿಲ್ಲ.

ಬಿಸಿಲು ಬಿದ್ದ ಮೇಲೆ ಒಂದು ಬೆಳಗ್ಗೆ ಹಿತ್ತಲಿಗೆ ಹೋದೆ. ಮಾವ ನೀರು ತುಂಬಿದ ಬೇಸಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ನೀರಿನಲ್ಲಿ ಅಂಚೆಚೀಟಿಗಳು ತೇಲುತ್ತಿದ್ದವು. ಒಂದೊಂದನ್ನೇ ಚಿಮಟದಿಂದ ಎತ್ತಿ ಹಳೆಯ ಪತ್ರಿಕೆಯ ಮೇಲೆ ಮಲಗಿಸುತ್ತಿದ್ದರು. ಪಕ್ಕದಲ್ಲಿ ಬೂಷ್ಟು ಹಿಡಿದ ಆಲ್ಬಮ್ ಬಿದ್ದಿತ್ತು. ಬೇರೆ ಜಾಗವೆಂದರೆ ಅವರ ಮಂಚದ ಕೆಳಗಿನ ಟ್ರಂಕು.

"ಕಚ್ಕೊಂಡ್ಬಿಟ್ಟಿದ್ವು," ಎಂದರು. "ನೆನೆಸಿದ್ರೆ ಬಿಡುತ್ತೆ. ಗೋಂದು ಹೋಗುತ್ತೆ, ಅಷ್ಟೆ."

ನಮ್ಮಿಂದ ಹೀಗಾಯಿತು ಎಂದೇನೋ ತೊದಲಿದೆ. ಅವರು ತಲೆಯೆತ್ತಲಿಲ್ಲ.

"ನಿಮ್ಮಮ್ಮ ಹೇಳಿದ್ದು ಸರಿಯಾಗೇ ಇತ್ತಮ್ಮ. ಅವರು ಹೇಳೋಕೆ ಮುಂಚೆ ನಂಗೇ ಹೊಳೀಬೇಕಿತ್ತು. ಮಗು ಅಷ್ಟು ದಿನ ಕೆಮ್ತಿತ್ತು, ನಾನು ಗೋಡೆ ನೋಡ್ತಿದ್ದೆ."

ಅವರ ದನಿಯಲ್ಲಿದ್ದದ್ದು ತಪ್ಪು ಮಾಡಿದವರ ಸಂಕೋಚ. ಅದು ನನ್ನನ್ನು ಯಾವ ಬೈಗುಳಕ್ಕಿಂತಲೂ ಹೆಚ್ಚಾಗಿ ಕುಗ್ಗಿಸಿತು. ಅವರ ಪಕ್ಕದಲ್ಲಿ ಕೂತು ಚೀಟಿ ಎತ್ತಲು ಹೋದೆ. ಅವಸರದಲ್ಲಿ ಒಂದರ ಮೂಲೆ ಹರಿಯಿತು. ಪರವಾಗಿಲ್ಲ ಎಂದು ಮೆಲ್ಲಗೆ ನನ್ನ ಕೈಯಿಂದ ಚಿಮಟ ತೆಗೆದುಕೊಂಡರು.

ಮುಂದಿನ ಮಳೆಗಾಲಕ್ಕೆ ನಾನೇ ಬೀರು ತೆರವು ಮಾಡಿ ಕೊಟ್ಟೆ. ಅವರು ಒಪ್ಪಲಿಲ್ಲ. ಉಳಿದ ಚೀಟಿಗಳನ್ನು ಬೀದಿಯ ಮಕ್ಕಳಿಗೆ ಹಂಚಿಬಿಟ್ಟಿದ್ದರು.

ಇನ್ನೆರಡು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಅವರಿಗೆ ಎದೆ ನೋವು ಬಂತು. ಗಂಡ ಟ್ಯಾಕ್ಸಿ ಕರೆತಂದರು. ಮಾವ ಜಗುಲಿಯಲ್ಲಿ ಕೂತು ಚಪ್ಪಲಿ ಮೆಟ್ಟಲು ತಡಕಾಡುತ್ತಿದ್ದರು. ನಾನು ಬಗ್ಗಿ ತೊಡಿಸುತ್ತ, "ಮಾವ, ಆ ಬೀರು ವಿಷ್ಯ ನಿಮ್ಹತ್ರ ಒಂದು ಮಾತು ಹೇಳ್ಬೇಕಿತ್ತು," ಎಂದೆ.

"ಬಂದ್ಮೇಲೆ ಹೇಳಮ್ಮ. ಪಾಪ, ಟ್ಯಾಕ್ಸಿಯವನು ಕಾಯ್ತಾ ಇದಾನೆ."

ಅವರು ವಾಪಸು ಬರಲಿಲ್ಲ.