ಜಿನದತ್ತನ ದಪ್ಪ ವಾಯರು

ಜಿನದತ್ತ ಸ್ವಿಚ್ ಒತ್ತಿದ. ಘೋಡಗೇರಿಯ ಗುರುಪಾದನ ಪಡಸಾಲೆಯಲ್ಲಿ ನೆರೆದವರೆಲ್ಲ ತಲೆ ಎತ್ತಿದರು. ಸೋಲಾರ್ ಟ್ಯೂಬಿನ ತುದಿಯಲ್ಲಿ ಊದುಬತ್ತಿಯ ಕಿಡಿಯಷ್ಟು ಕೆಂಪು ಮೂಡಿ ಅಲ್ಲೇ ನಿಂತಿತು. ಗುರುಪಾದನ ತಾಯಿ ಬಾಳವ್ವ ಒಳಗಿನಿಂದ ಕಂದೀಲು ಹಿಡಿದು ಬಂದಳು.

"ಇದ್ಯಾಕ್ ಬೇ?" ಎಂದ ಗುರುಪಾದ.

"ನಿನ್ನ ಲೈಟ್ ಹತ್ತೇತೋ ಇಲ್ಲೋ ನೋಡೂಣಂತ."

ಪಡಸಾಲೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಕ್ಕೇರಿಯಲ್ಲಿ ರೇಡಿಯೊ ರಿಪೇರಿ ಬಿಟ್ಟು ಸೋಲಾರ್ ಹಿಡಿದು ವರ್ಷವಾಗಿದ್ದ ಜಿನದತ್ತ ಮಾತ್ರ ನಗಲಿಲ್ಲ. ತಾನು ಕೂಡಿಸಿದ ದೀಪವನ್ನು ಅವನು ಕತ್ತಲೆಯಲ್ಲಿ ನೋಡಿದ್ದು ಅದೇ ಮೊದಲು.

ಕಾರಣವಿಷ್ಟೇ. ಜಿನದತ್ತ ಕಟ್ಟಾ ಜೈನ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವನಲ್ಲ. ಮನೆಯಲ್ಲಿ ತಾಯಿ ಇಂದುಬಾಯಿಯ ಅಡುಗೆಮನೆ ಸೂರ್ಯನ ಜೊತೆಗೇ ಮುಳುಗುತ್ತಿತ್ತು. ಹಾಗಾಗಿ ಯಾವ ಊರಿಗೆ ಹೋದರೂ ಹಾಡಹಗಲೇ ಟ್ಯೂಬು ಹಚ್ಚಿ, "ಹತ್ತಿತ್ರಿ, ಬರ್ತೇನ್ರಿ" ಎಂದು ಸಂಜೆಯ ಬಸ್ಸು ಹಿಡಿಯುತ್ತಿದ್ದ. ಬೆಳಕಿನ ವ್ಯಾಪಾರಿಗೆ ಕತ್ತಲೆಯ ಪರಿಚಯವೇ ಇರಲಿಲ್ಲ. ಅಂದು ಬಸ್ಸು ಕೈಕೊಟ್ಟು ಪರಿಚಯ ಮಾಡಿಸಿತು.

"ಜಿನದತ್ತಣ್ಣಾ," ಗುರುಪಾದ ನಗು ನಿಲ್ಲಿಸಿದ, "ನಾಳೆ ಸಂಜಿಗೆ ಇದು ಖರೇನ ಹತ್ತಬೇಕ್ ನೋಡ್ರಿ. ಇಲ್ಲಾಂದ್ರ ಎಲ್ಲಾ ಗಂಟು ಕಟಗೊಂಡ ಹೋಗ್ರಿ. ಆಮ್ಯಾಲೆ ಈ ಊರಾಗ ಒಬ್ಬರೂ ನಿಮ್ಮ ಸೋಲಾರ್ ತಗೊಳ್ಳೂದಿಲ್ಲ."

ಬಾಳವ್ವನಿಗೆ ಕನಿಕರ ಬಂತು. "ಒಂದ ರೊಟ್ಟಿ ತಿನ್ನರೀ."

"ಹೊತ್ತು ಮುಳುಗೇತ್ರಿ ಯವ್ವಾ."

"ಕಂದೀಲ ಆರಸ್ತೇನಿ, ನಿಮ್ಮ ಲೈಟಿನ್ಯಾಗ ಕುಂತ ತಿನ್ರಿ. ಯಾರಿಗೂ ಕಾಣೂದಿಲ್ಲ!"

ಹಸಿವು, ಅವಮಾನ ಎರಡನ್ನೂ ನುಂಗಿಕೊಂಡು ಜಿನದತ್ತ ಟ್ಯೂಬು ಬಿಚ್ಚಿ ದನದ ಕೊಟ್ಟಿಗೆಗೆ ಒಯ್ದ. ಮನೆಯ ಮೇಲೆ ಹುಣಸೆಮರದ ನೆರಳೆಂದು ಪ್ಯಾನೆಲ್ಲನ್ನು ಹಿತ್ತಲಿನಾಚೆಯ ಆ ಕೊಟ್ಟಿಗೆಯ ಮೇಲೆ, ಬ್ಯಾಟರಿಯನ್ನು ಅದರೊಳಗೆ ಕೂಡಿಸಿದ್ದ. ಬ್ಯಾಟರಿಯ ಮಗ್ಗುಲಲ್ಲೇ ಹಚ್ಚಿ ನೋಡಿದರೆ ಝಗ್ಗೆಂದಿತು! ಎಮ್ಮೆಗಳು ಕಣ್ಣು ಮಿಟುಕಿಸಿದವು.

"ಲೈಟಿಗೆ ನಮ್ಮ ಎಮ್ಮಿ ಮ್ಯಾಲ ಮನಸ ಆಗೇತಿ," ಎಂದಳು ಬಾಳವ್ವ.

ಕಳ್ಳ ಸಿಕ್ಕಿದ. ಟ್ಯೂಬು ತಪ್ಪು ಮಾಡಿರಲಿಲ್ಲ, ಬ್ಯಾಟರಿಯೂ ಮಾಡಿರಲಿಲ್ಲ. ನಡುವಿನ ವಾಯರು ಮಾಡಿತ್ತು. ಮನೆ ಕರೆಂಟಿಗೆ ನಡೆಯುವ ಸಣ್ಣ ವಾಯರು ಬ್ಯಾಟರಿಯ ಹನ್ನೆರಡು ವೋಲ್ಟಿಗೆ ಧಾರಾಳವಾಯಿತೆಂದು ಅದನ್ನೇ ಎಳೆದಿದ್ದ. ಆ ಬಡ ಕರೆಂಟು ಇಕ್ಕಟ್ಟಿನಲ್ಲಿ ಅಷ್ಟು ದೂರ ತೆವಳಿ ಪಡಸಾಲೆ ಮುಟ್ಟುವಷ್ಟರಲ್ಲಿ ಉಸಿರು ಬಿಡುತ್ತಿತ್ತು.

ಮರುದಿನ ಜಿನದತ್ತ ಹುಕ್ಕೇರಿಯ ಅಂಗಡಿಯಿಂದ ಎಮ್ಮೆ ಕಟ್ಟುವ ಹಗ್ಗದಷ್ಟು ದಪ್ಪ ವಾಯರಿನ ಸುರುಳಿ ಹೆಗಲಿಗೇರಿಸಿ ಬಂದ. ಎಳೆದು, ಬಿಗಿದು ಮುಗಿಸಿದಾಗ ಇನ್ನೂ ಬಿಸಿಲಿತ್ತು. ಹುಕ್ಕೇರಿ ಬಸ್ಸು ಎದುರಿಗೇ ಬಂತು, ಕರೆಯಿತು, ಹೋಯಿತು. ಜಿನದತ್ತ ಕಟ್ಟೆಯ ಮೇಲೆ ಕುಳಿತೇ ಇದ್ದ. ಹೊತ್ತು ಮುಳುಗಿತು, ಅವನ ಊಟವೂ ಮುಳುಗಿತು.

ಸ್ವಿಚ್ ಒತ್ತಿದ. ಪಡಸಾಲೆಗೆ ಸುಣ್ಣ ಬಳಿದಂತಾಯಿತು. ಗುರುಪಾದ ಅಂಗಳಕ್ಕೆ ಓಡಿ ಓಣಿಯನ್ನೆಲ್ಲ ಕರೆದ. "ಇನ್ನ ನಮ್ಮ ಮನಿಗೂ ಬರ್ರಿ," ಎಂದು ಮಂದಿ ಮುತ್ತಿದರು.

ಊರ ಶಾಲೆಯ ವಿಜ್ಞಾನದ ಮಾಸ್ತರ ಶಿದ್ಲಿಂಗಪ್ಪ ವಾಯರನ್ನು ಹಿಸುಕಿ ನೋಡಿ ತಲೆದೂಗಿದರು. "ಭಾರಿ ಆತ ಬಿಡ್ರಿ! ದೂರ ಎಷ್ಟ, ಕರೆಂಟ್ ಎಷ್ಟ ಎಲ್ಲಾ ಹಿಡದ ಆರಿಸಿರ್ತೀರಿ. ಯಾವ ಲೆಕ್ಕದ ಮ್ಯಾಲ ಇಷ್ಟ ದಪ್ಪಂದ ತಂದ್ರಿ? ಒಂದೀಟ ಹೇಳ್ರಿ, ಹುಡುಗರಿಗೆ ಕಲಸ್ತೇನಿ."

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಜಿನದತ್ತ ಆ ಕಡೆಗೊಮ್ಮೆ ನೋಡಿದ.

"ಲೆಕ್ಕ ಎಲ್ಲೀದ್ರಿ ಸರ. ಸಾಲಲಿಲ್ಲಂದ್ರ ಎರಡ ಸಂಜಿ ಉಪಾಸ ಬಿದ್ದದ್ದೂ ದಂಡ ಆಗ್ತಿತ್ತು. ಅಂಗಡ್ಯಾಗ ಇದಕ್ಕಿಂತ ದಪ್ಪಂದ ಇರಲಿಲ್ರಿ."